ಐಸ್ ಫಿಶಿಂಗ್ ಜಿಗ್ ಮನೆಯಲ್ಲೇ ಮಾಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಗಾಳ ಇಳಿಬಿಡುವ ಹುಚ್ಚು ಹಿಡಿದವರಿಗೆ, ಇವತ್ತಲ್ಲ ನಾಳೆ, ಜಿಗ್ (ತೂಕ ಅಂಟಿಸಿದ ಗಾಳ) ಕೂಡ ನಾನೇ ಮಾಡಿದರೆ ಹೇಗೆ ಅನ್ನೋ ಯೋಚನೆ ಬಂದೇ ಬರುತ್ತದೆ. ಹಾಗೆ ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಬಣ್ಣದ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ. ನಾನು ಅದನ್ನು ಬೇಕಂತಲೇ ಕೆಳಗೆ ಇಟ್ಟಿದ್ದೇನೆ. ಜಿಗ್ ನೀರಲ್ಲಿ ಹೇಗೆ ತೂಗುತ್ತದೆ ಅನ್ನೋದು ಸರಿ ಹೋಗದಿದ್ದರೆ ಬಣ್ಣ ಹಚ್ಚಿ ಏನೂ ಪ್ರಯೋಜನ ಇಲ್ಲ.

ಐಸ್ ಜಿಗ್‌ಗೂ ಬೇರೆ ಜಿಗ್‌ಗೂ ಏನು ವ್ಯತ್ಯಾಸ?

ಎರಡೂ ಒಂದು ಗಾಳ, ಅದಕ್ಕೆ ಅಂಟಿದ ಒಂದು ತೂಕ, ಅಷ್ಟೇ. ಆದರೆ ಮಂಜುಗಡ್ಡೆಯ ಮೇಲೆ ನಿಂತವರು ದೂರಕ್ಕೆ ಎಸೆಯುವ ಹಾಗಿಲ್ಲ. ಜಿಗ್ ನೇರ ಕೆಳಗೆ ಇಳಿಯುತ್ತದೆ, ಅಲ್ಲೇ ನಿಲ್ಲುತ್ತದೆ, ಅಲ್ಲೇ ಸ್ವಲ್ಪ ಕುಣಿಯುತ್ತದೆ. ಮೀನಿಗೆ ಅದನ್ನು ಹತ್ತಿರದಿಂದ ನೋಡಲು ಬೇಕಾದಷ್ಟು ಸಮಯ ಸಿಗುತ್ತದೆ. ಮಂಜುಗಡ್ಡೆಗೆ ತಾಗಿದ ನೀರು ಸುಮಾರು 0 ಡಿಗ್ರಿ ಇರುತ್ತದೆ. ಸಿಹಿನೀರು 4 ಡಿಗ್ರಿಯಲ್ಲಿ ಅತಿ ಭಾರ, ಹಾಗಾಗಿ ಆ ನೀರು ತಳದಲ್ಲಿ ಕೂರುತ್ತದೆ. ಅಂಥ ಚಳಿಯಲ್ಲಿ ಮೀನಿನ ಮೈ ನಿಧಾನ, ಹಸಿವು ಕಡಿಮೆ, ಅಟ್ಟಿಸಿಕೊಂಡು ಹೋಗುವ ಉತ್ಸಾಹ ಅದಕ್ಕಿಂತ ಕಡಿಮೆ. ಅದಕ್ಕೇ ಐಸ್ ಜಿಗ್ ಚಿಕ್ಕದಿರಬೇಕು, ಆದರೆ ಚಿಕ್ಕದಾಗಿದ್ದೂ ಭಾರವಿರಬೇಕು. ಹಗುರಾದರೆ ತೂತಿನಲ್ಲಿ ತೇಲುವ ಪುಡಿಮಂಜಿನ ಮೇಲೇ ಕೂತುಬಿಡುತ್ತದೆ. ನೂಲೂ ಸುರುಳಿ ಸುರುಳಿಯಾಗಿ ನಿಲ್ಲುತ್ತದೆ, ಮೀನು ಬಾಯಿ ಹಾಕಿದ್ದು ಕೈಗೆ ಗೊತ್ತೇ ಆಗುವುದಿಲ್ಲ.

ಮನೆಯಲ್ಲಿ ಮಾಡಿದರೆ ದುಡ್ಡು ಉಳಿಯುತ್ತಾ?

ಮೊದಲ ಚಳಿಗಾಲದಲ್ಲಿ ಇಲ್ಲ. ಸೋಲ್ಡರಿಂಗ್ ಐರನ್, ಫ್ಲಕ್ಸ್ (ಬೆಸುಗೆ ಅಂಟಲು ಹಚ್ಚುವ ಪದಾರ್ಥ), ಒಳ್ಳೆಯ ಗಾಳ, ಅರ, ಕನ್ನಡಕ, ಬಣ್ಣ ಎಲ್ಲ ಸೇರಿದರೆ ಆ ದುಡ್ಡಿಗೆ ಡಬ್ಬಿ ತುಂಬ ಜಿಗ್ ಕೊಳ್ಳಬಹುದು. ಲಾಭ ಇರೋದು ಬೇರೆ ಕಡೆ. ಅಂಗಡಿಯ ಸಣ್ಣ ಜಿಗ್‌ಗಳಲ್ಲಿ ತೂಕ ಚೆನ್ನಾಗಿದ್ದರೆ ಗಾಳ ಮೆದು, ಗಾಳ ಚೆನ್ನಾಗಿದ್ದರೆ ಅದರ ಬಾಯಿ ಕಿರಿದು. ನೀವೇ ಮಾಡಿದರೆ ನಿಮಗೆ ನಂಬಿಕೆ ಇರುವ ಗಾಳಕ್ಕೆ ನಿಮಗೆ ಬೇಕಾದ ತೂಕ, ಬೇಕಾದ ಜಾಗದಲ್ಲಿ ಕೂರಿಸಬಹುದು.

ಯಾವ ಲೋಹ ತಗೊಳ್ಳೋದು?

ಇಲ್ಲಿ ಸಾಂದ್ರತೆಯೇ ಮುಖ್ಯ. ಒಂದು ಘನ ಸೆಂಟಿಮೀಟರ್‌ಗೆ ಟಂಗ್‌ಸ್ಟನ್ 19.3 ಗ್ರಾಂ, ಸೀಸ 11.3, ಬಿಸ್ಮತ್ 9.8, ಹಿತ್ತಾಳೆ ಸುಮಾರು 8.5, ತವರ 7.3. ಬರೀ ಅಂಕಿ ನೋಡಿದರೆ ಅಂದಾಜು ಸಿಗುವುದಿಲ್ಲ. ಒಂದು ಗ್ರಾಂ ತೂಗುವ ಉಂಡೆ ಮಾಡುತ್ತೀರಿ ಅಂದುಕೊಳ್ಳಿ. ಟಂಗ್‌ಸ್ಟನ್ ಆದರೆ ಅದರ ಅಗಲ 4.6 ಮಿ.ಮೀ., ಸೀಸವಾದರೆ 5.5, ಬಿಸ್ಮತ್ ಆದರೆ 5.8, ತವರವಾದರೆ 6.4. ಮೀನಿನ ಬಾಯಿ ಪುಟ್ಟದಾಗಿದ್ದಾಗ ಆ ಎರಡು ಮಿಲಿಮೀಟರ್ ಸಣ್ಣ ವಿಷಯ ಅಲ್ಲ. ಇನ್ನೊಂದು ಮಾತು: ನೀರು ಪ್ರತಿ ಲೋಹವನ್ನೂ ಮೇಲಕ್ಕೆ ತಳ್ಳುತ್ತದೆ. ಒಂದು ಗ್ರಾಂ ತವರ ನೀರಲ್ಲಿ ಸುಮಾರು 0.86 ಗ್ರಾಂ ಮಾತ್ರ ತೂಗುತ್ತದೆ, ಟಂಗ್‌ಸ್ಟನ್ 0.95 ಉಳಿಸಿಕೊಳ್ಳುತ್ತದೆ.

ಹಾಗಂತ ತವರವನ್ನು ತಳ್ಳಿಹಾಕಬೇಡಿ. ಕಡಿಮೆ ಆಳದ ನೀರಲ್ಲಿ ನಿಧಾನಕ್ಕೆ ಇಳಿಯುವ ದಪ್ಪ ಜಿಗ್ ಎಷ್ಟೋ ಸಲ ಚೆನ್ನಾಗಿ ಕೆಲಸ ಮಾಡುತ್ತದೆ. 232 ಡಿಗ್ರಿಗೇ ಕರಗುತ್ತದೆ, ವಿಷದ ಭಯ ಇಲ್ಲ. ಕಲಿಯಲು ಇದಕ್ಕಿಂತ ಒಳ್ಳೆಯ ಲೋಹ ಇಲ್ಲ ಅಂತಲೇ ನನ್ನ ಅಭಿಪ್ರಾಯ.

ಟಂಗ್‌ಸ್ಟನ್ ಮನೆಯಲ್ಲಿ ಕರಗಿಸಬಹುದಾ?

ಇಲ್ಲ. ಅದು ಕರಗೋದು 3,422 ಡಿಗ್ರಿಯಲ್ಲಿ. ಕಾರ್ಖಾನೆಯಲ್ಲೂ ಅದನ್ನು ಕರಗಿಸಿ ಸುರಿಯುವುದಿಲ್ಲ. ಪುಡಿಯನ್ನು ಬೇರೆ ಲೋಹದ ಪುಡಿ ಜೊತೆ ಒತ್ತಿ, ಬಿಸಿ ಮಾಡಿ ಗಟ್ಟಿ ಮಾಡುತ್ತಾರೆ. ನೀವು ಮಾಡಬೇಕಾದದ್ದು ಸೀಳು ಇರುವ ಟಂಗ್‌ಸ್ಟನ್ ಮಣಿ ಕೊಂಡು ಗಾಳಕ್ಕೆ ಕೂರಿಸೋದು. ಅದಕ್ಕೆ ತೂತು ಕೊರೆಯೋ ಆಸೆಯನ್ನೂ ಬಿಟ್ಟುಬಿಡಿ.

ಸೀಸ ಬಳಸಬಹುದಾ? ಕಾನೂನು ಏನು ಹೇಳುತ್ತದೆ?

ನೀವು ಎಲ್ಲಿ ಮೀನು ಹಿಡಿಯುತ್ತೀರಿ ಅನ್ನೋದರ ಮೇಲೆ ನಿಂತಿದೆ. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಗ್ರಾಂಗಿಂತ ಕಡಿಮೆ ತೂಕದ ಸೀಸದ ಜಿಗ್ ಮತ್ತು ತೂಕದ ಗುಂಡು ಇಟ್ಟುಕೊಳ್ಳುವ ಹಾಗಿಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್, ಮೇನ್ ರಾಜ್ಯಗಳಲ್ಲೂ ಸಣ್ಣ ಸೀಸದ ಜಿಗ್ ಮೇಲೆ ನಿಷೇಧ ಇದೆ. ಬ್ರಿಟನ್ನು ಸೀಸದ ಸಣ್ಣ ಗುಂಡುಗಳನ್ನು 1987ರಲ್ಲೇ ನಿಷೇಧಿಸಿತು. ಐಸ್ ಜಿಗ್ ಯಾವತ್ತೂ ಸಣ್ಣದೇ, ಹಾಗಾಗಿ ಇಂಥ ನಿಯಮ ಇದ್ದ ಕಡೆ ಅದು ನೇರವಾಗಿ ಸಿಕ್ಕಿಹಾಕಿಕೊಳ್ಳುತ್ತದೆ.

ಕಾರಣ ಲೂನ್, ಹಂಸದಂಥ ನೀರುಹಕ್ಕಿಗಳು. ಅವು ಆಹಾರ ಅರೆಯಲು ಹೊಟ್ಟೆಯಲ್ಲಿ ಸಣ್ಣ ಕಲ್ಲು ಇಟ್ಟುಕೊಳ್ಳುತ್ತವೆ. ತಳದಲ್ಲಿ ಬಿದ್ದ ಸೀಸದ ಚೂರನ್ನು ಕಲ್ಲು ಅಂತ ನುಂಗುತ್ತವೆ, ಇಲ್ಲವೇ ಜಿಗ್ ನುಂಗಿದ ಮೀನನ್ನೇ ತಿನ್ನುತ್ತವೆ. ಹೊಟ್ಟೆಯ ಆ ಕಲ್ಲುಗಳು ಸೀಸವನ್ನೂ ಅರೆದು ರಕ್ತಕ್ಕೆ ಸೇರಿಸುತ್ತವೆ. ಲೂನ್ ಸಾಯಲು ಒಂದು ಸಣ್ಣ ಜಿಗ್ ಸಾಕು. ನಿಷೇಧ ಇಲ್ಲದ ಕಡೆಯೂ ನಾನು ಸೀಸ ಬಳಸಿ ಅಂತ ಹೇಳುವುದಿಲ್ಲ. ತವರ, ಬಿಸ್ಮತ್, ಟಂಗ್‌ಸ್ಟನ್ ಇರುವಾಗ ಅದು ಬೇಕಾಗಿಯೂ ಇಲ್ಲ.

ಯಾವ ಗಾಳ, ಎಷ್ಟು ನಂಬರ್?

ಬ್ಲೂಗಿಲ್‌ನಂಥ ಸಣ್ಣ ಬಾಯಿಯ ಮೀನಿಗೆ 10ರಿಂದ 14, ಪರ್ಚ್‌ಗೆ 8ರಿಂದ 12, ವಾಲೈಗೆ 4 ಅಥವಾ 6. ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು. ತೂಕ ಅಂಟಿಸಿದ ಮೇಲೆ ಮೊನೆಗೂ ತೂಕಕ್ಕೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಅಂತ ಮೊದಲೇ ನೋಡಿ. ಉಂಡೆ ದಪ್ಪಗಾಗಿ ಗಾಳದ ಬಾಯಿ ಮುಚ್ಚಿಹೋದರೆ ಮೀನು ಕಚ್ಚುತ್ತದೆ, ಸಿಕ್ಕುವುದಿಲ್ಲ. ಅನುಮಾನ ಬಂದರೆ ಒಂದು ಅಳತೆ ದೊಡ್ಡ ಗಾಳ, ಅಂದರೆ ಚಿಕ್ಕ ನಂಬರಿನದು, ತಗೊಳ್ಳಿ.

ಅಡ್ಡ ಜಿಗ್, ನೆಟ್ಟಗಿನ ಜಿಗ್: ಯಾವುದು ಮಾಡಲಿ?

ಗಾಳದ ಕಣ್ಣು (ನೂಲು ಕಟ್ಟುವ ತೂತು) ತುದಿಯಲ್ಲೇ ಇದ್ದರೆ ಜಿಗ್ ನೆಟ್ಟಗೆ ತೂಗುತ್ತದೆ. ಕತ್ತು 90 ಡಿಗ್ರಿ ಬಾಗಿ ಕಣ್ಣು ಬೆನ್ನ ಮೇಲೆ ಬಂದರೆ ಅಡ್ಡಕ್ಕೆ ತೂಗುತ್ತದೆ. ಎಳೆದು ಬಿಟ್ಟಾಗ ಅಡ್ಡ ಜಿಗ್ ಮೂತಿ ಮೇಲೆ ಕೆಳಗೆ ಆಡಿಸುತ್ತದೆ, ನೀರಲ್ಲಿ ಈಜುವ ಹುಳದ ಹಾಗೆ ಕಾಣುತ್ತದೆ. ನೆಟ್ಟಗಿನದು ತಳದಿಂದ ಮೇಲೇಳುವ ಹುಳಕ್ಕೆ ಹತ್ತಿರ, ಮೀನು ಮಂಕಾಗಿರುವ ದಿನ ಒಳ್ಳೆಯದು. ಎರಡೂ ಇರಲಿ.

ಅಡ್ಡ ಜಿಗ್‌ನಲ್ಲಿ ಗಾಳವೂ ಸೇರಿ ಒಟ್ಟು ತೂಕದ ನಡುಭಾಗ ಕಣ್ಣಿನ ಸರಿ ಕೆಳಗೆ ಬರಬೇಕು. ಗಾಳದ ಬಾಗಿಗೂ ತೂಕ ಇದೆ ಅನ್ನೋದನ್ನು ಮರೆಯಬಾರದು. ಅದನ್ನು ಸರಿತೂಗಿಸಲು ಉಂಡೆಯ ಸ್ವಲ್ಪ ಭಾಗ ಕಣ್ಣಿಗಿಂತ ಮುಂದಕ್ಕೆ ಚಾಚಿಕೊಂಡಿರಬೇಕು. ಹೊಸಬರ ಜಿಗ್ ಬಾಲ ಇಳಿಬಿಟ್ಟುಕೊಂಡು ನೇತಾಡೋದು ಸಾಮಾನ್ಯವಾಗಿ ಇದೇ ಕಾರಣಕ್ಕೆ.

ಮೊರ್ಮಿಷ್ಕಾ ಅನ್ನೋ ರಷ್ಯಾದ ಐಸ್ ಜಿಗ್‌ನಲ್ಲಿ ಇನ್ನೊಂದು ಉಪಾಯ ಇದೆ. ಅಲ್ಲಿ ನೂಲು ಗಾಳದ ಕಣ್ಣಿಗೆ ಹೋಗದೆ ತೂಕದ ಮೈಯಲ್ಲೇ ಇರುವ ತೂತಿನ ಮೂಲಕ ಹಾದುಹೋಗುತ್ತದೆ. ತೂತಿನ ಜಾಗ ಬದಲಿಸಿದರೆ ತೂಗುವ ಕೋನವೂ ಬದಲಾಗುತ್ತದೆ. ಬೆಸುಗೆ ಹಾಕುವಾಗಲೇ ಸಪೂರ ಹಿತ್ತಾಳೆ ಕೊಳವೆ ಒಂದನ್ನು ಒಳಗಿಟ್ಟರೆ ಮನೆಯಲ್ಲೂ ಇದನ್ನು ಮಾಡಬಹುದು. ಕೊಳವೆಯ ಅಂಚು ಉಜ್ಜಿ ನುಣುಪು ಮಾಡಿ. ಇಲ್ಲದಿದ್ದರೆ ಒಳ್ಳೆ ಮೀನು ಬಿದ್ದ ಹೊತ್ತಿಗೇ ನೂಲು ಕತ್ತರಿಸಿ ಹೋಗುತ್ತದೆ.

ಏನೂ ಕರಗಿಸದೆ ಮಾಡುವ ದಾರಿ ಇದೆಯಾ?

ಇದೆ, ಶುರುವಿಗೆ ಅದೇ ಒಳ್ಳೆಯದು. ಸೀಳು ಮಣಿಯನ್ನು ಗಾಳದ ಮೊನೆಯಿಂದ ಏರಿಸಿ ಬಾಗಿದ ಕತ್ತಿನವರೆಗೆ ತಳ್ಳಿ. ಸೀಳು ಕತ್ತಿನ ಬಾಗಿಗೆ ಕಚ್ಚಿಕೊಂಡು ಕೂರುತ್ತದೆ. ಮಣಿಯ ಹಿಂದೆ ದಾರ ಬಿಗಿಯಾಗಿ ಸುತ್ತಿ ಅದು ಹಿಂದೆ ಜಾರದ ಹಾಗೆ ಮಾಡಿ. ಒಂದು ತೊಟ್ಟು ಸೂಪರ್ ಗ್ಲೂ ಸಾಕು. 4 ಮಿ.ಮೀ. ಟಂಗ್‌ಸ್ಟನ್ ಮಣಿ ಅರ್ಧ ಗ್ರಾಂ ಆಸುಪಾಸು ತೂಗುತ್ತದೆ, ಸಣ್ಣ ಮೀನಿಗೆ ಅಷ್ಟು ಸಾಕು. ಅಡುಗೆಮನೆ ಮೇಜಿನ ಮೇಲೆ ಮಕ್ಕಳ ಜೊತೆ ಕೂತು ಮಾಡಬಹುದಾದ ಜಿಗ್ ಇದೊಂದೇ. ಉಳಿದದ್ದಕ್ಕೆಲ್ಲ ಬೇರೆ ಜಾಗ ಬೇಕು.

ಬೆಸುಗೆ ಹಾಕಿ ಮಾಡೋದು ಹೇಗೆ?

ನನಗೆ ಇಷ್ಟವಾದ ವಿಧಾನ ಇದೇ. ಅಚ್ಚು ಬೇಡ, ಒಲೆ ಬೇಡ, ಒಂದೊಂದು ಜಿಗ್ ಒಂದೊಂದು ಆಕಾರ ಪಡೆಯುತ್ತದೆ.

ಅರ್ಧ ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡಿನಿಂದ 8 ಮಿ.ಮೀ. ಉದ್ದದ ಹನಿ ಆಕಾರ ಕತ್ತರಿಸಿ. ಅಂಚನ್ನು ಅರದಿಂದ ಉಜ್ಜಿ. ಗಾಳದ ಕಡ್ಡಿಯ ಮೇಲೆ ತೂಕ ಕೂರುವಷ್ಟು ಜಾಗದಲ್ಲಿ ಮಾತ್ರ ಲೇಪವನ್ನು ಮರಳು ಕಾಗದದಿಂದ ಪೂರ್ತಿ ತೆಗೆಯಿರಿ; ಕೆಳಗಿನ ಬರೀ ಉಕ್ಕು ಕಾಣಬೇಕು. ಗಾಳದ ಬಾಗನ್ನು ಕಚ್ಚುಚಿಮುಟದಲ್ಲಿ ಹಿಡಿದು ಕೆಲಸ ಮಾಡಿ. ಹಿಡಿದುಕೊಳ್ಳಲೂ ಆಯ್ತು, ಚಿಮುಟ ಬಿಸಿಯನ್ನು ಹೀರಿಕೊಂಡು ಮೊನೆಯ ಗಡಸುತನವನ್ನೂ ಕಾಪಾಡುತ್ತದೆ.

ಮೊದಲು ಎರಡಕ್ಕೂ ಬೇರೆ ಬೇರೆಯಾಗಿ ತೆಳ್ಳಗೆ ಬೆಸುಗೆ ಸವರಿ. ಆಮೇಲೆ ಗಾಳವನ್ನು ತಗಡಿನ ಮೇಲಿಟ್ಟು, ಫ್ಲಕ್ಸ್ ಹಚ್ಚಿ, 40ರಿಂದ 60 ವ್ಯಾಟಿನ ಐರನ್ ತಾಗಿಸಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಫ್ಲಕ್ಸ್ ಚೊರ್ ಅನ್ನುತ್ತದೆ, ಹೊಗೆ ಬರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಬೆಸುಗೆ ಹೊಳಪೇರಿ ಕಡ್ಡಿಯ ಎರಡೂ ಬದಿಗೆ ತಾನಾಗಿ ಹರಿದು ತಗಡಿನ ಅಂಚಿನವರೆಗೆ ಹೋಗಿ ನಿಲ್ಲುತ್ತದೆ. ಆಗ ಇನ್ನೊಂದಿಷ್ಟು ತಂತಿ ತಾಗಿಸಿ ಹೊಟ್ಟೆ ಉಬ್ಬಿಸಿ. ಐರನ್ ತೆಗೆದ ಮೇಲೆ ಅಲುಗಾಡಿಸಬೇಡಿ. ಹೊಳಪಿನ ಮೇಲೆ ತೆಳುವಾಗಿ ಮಬ್ಬು ಹಾದುಹೋದರೆ ಗಟ್ಟಿಯಾಯಿತು ಅಂತ ಲೆಕ್ಕ.

ಸೀಸವಿಲ್ಲದ ಬೆಸುಗೆ ತಂತಿಯನ್ನೇ ತಗೊಳ್ಳಿ, ಅದರಲ್ಲಿ ಹೆಚ್ಚುಪಾಲು ತವರವೇ ಇರುತ್ತದೆ. 63/37 ಅಂತ ಬರೆದ ತಂತಿಯಲ್ಲಿ ಶೇಕಡಾ 37 ಸೀಸ. ಕಾನೂನಿನ ಕಣ್ಣಿಗೂ ಅದು ಸೀಸವೇ.

ಬೆಸುಗೆ ಗಾಳಕ್ಕೆ ಅಂಟದೆ ಉಂಡೆಯಾಗಿ ಉರುಳಿ ಬೀಳುತ್ತದೆ. ಯಾಕೆ?

ಒಂದೋ ಲೇಪ ಪೂರ್ತಿ ಹೋಗಿಲ್ಲ, ಇಲ್ಲವೇ ಫ್ಲಕ್ಸ್ ತಪ್ಪು. ಎಲೆಕ್ಟ್ರಾನಿಕ್ಸ್‌ಗೆ ಬಳಸುವ ರಾಳದ ಫ್ಲಕ್ಸ್ ತಾಮ್ರಕ್ಕೆ ಸರಿ, ಉಕ್ಕಿಗೆ ಅದರ ಶಕ್ತಿ ಸಾಲದು. ಸತುವಿನ ಕ್ಲೋರೈಡ್ ಇರುವ ಆಮ್ಲದ ಫ್ಲಕ್ಸ್ ಬೇಕು. ಅದರ ಹೊಗೆ ಮೂಗಿಗೆ ಹೋಗಬಾರದು, ಕಣ್ಣಿಗೆ ಸಿಡಿಯಬಾರದು. ಕಿಟಕಿ ತೆರೆದಿರಲಿ, ಕನ್ನಡಕ ಹಾಕಿಕೊಳ್ಳಿ. ಕೆಲಸ ಮುಗಿದ ತಕ್ಷಣ ಜಿಗ್‌ಗಳನ್ನು ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಅದ್ದಿ, ಹಳೆ ಟೂತ್‌ಬ್ರಶ್‌ನಿಂದ ಉಜ್ಜಿ, ಒಣಗಿಸಿ. ಇದನ್ನು ನಾಳೆಗೆ ಅಂತ ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಗಾಳ ಕೆಂಪಗೆ ತುಕ್ಕು ಹಿಡಿದಿರುತ್ತದೆ.

ಬಿಸಿ ತಾಗಿ ಗಾಳ ಮೆತ್ತಗಾಗುವುದಿಲ್ವಾ?

ಆಗಬಹುದು. ಉಜ್ಜಿದ ಉಕ್ಕು ನೀಲಿಗೆ ತಿರುಗಿದರೆ ಅಲ್ಲಿ ಸುಮಾರು 300 ಡಿಗ್ರಿ ತಲುಪಿದೆ ಅಂತ ಅರ್ಥ. ಕಣ್ಣಿನ ಹತ್ತಿರ ಹಾಗಾದರೆ ಚಿಂತೆ ಇಲ್ಲ, ಬಾಗಿನಲ್ಲಾದರೆ ಎಸೆಯಿರಿ. ಸುಮ್ನೆ ಅನುಮಾನ ಇಟ್ಟುಕೊಳ್ಳುವ ಬದಲು ಮೊನೆಯನ್ನು ಮರದ ತುಂಡಿಗೆ ಸಿಕ್ಕಿಸಿ ಮೆಲ್ಲಗೆ ಎಳೆಯಿರಿ. ಗಾಳ ಸ್ವಲ್ಪ ತೆರೆದು ಮತ್ತೆ ಮೊದಲಿನ ಹಾಗೆ ಬಂದರೆ ಸರಿ. ತೆರೆದದ್ದು ಹಾಗೇ ಉಳಿದರೆ ಮುಗೀತು.

ಅಚ್ಚಿನಲ್ಲಿ ಸುರಿದು ಮಾಡುವಾಗ ಏನು ಎಚ್ಚರ?

ನೀರು. ಎಲ್ಲಕ್ಕಿಂತ ಮೊದಲು ನೀರು. ಕರಗಿದ ಲೋಹದೊಳಗೆ ಒಂದು ಹನಿ ಸೇರಿದರೂ ಅದು ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಮುಖಕ್ಕೆ ಸಿಡಿಸುತ್ತದೆ. ಪ್ಲಾಸ್ಟರ್ ಅಚ್ಚು ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಇರುತ್ತದೆ. ಓವನ್‌ನಲ್ಲಿ ಪೂರ್ತಿ ಒಣಗಿಸದೆ ಅದಕ್ಕೆ ಏನೂ ಸುರಿಯಬೇಡಿ. ಹೊರಗಿಂದ ತಂದ ತಣ್ಣನೆಯ ಲೋಹದ ತುಂಡಿನ ಮೇಲೂ ತೇವ ಕೂತಿರುತ್ತದೆ. ಉದ್ದ ತೋಳಿನ ಹತ್ತಿ ಬಟ್ಟೆ, ಚರ್ಮದ ಕೈಗವಸು, ಮುಚ್ಚಿದ ಶೂ, ಮುಖಕ್ಕೆ ಕವಚ ಇರಲಿ. ಅಡುಗೆ ಪಾತ್ರೆ ಇದಕ್ಕೆ ಬಳಸಿದರೆ ಮತ್ತೆ ಅಡುಗೆಗೆ ಬೇಡ. ಸೀಸವನ್ನೇ ಕರಗಿಸುವವರಾದರೆ ಹೊರಗಡೆ ಮಾಡಿ, ಮೇಲೆ ಕಟ್ಟುವ ಬೂದಿಯಂಥ ಕಿಟ್ಟವನ್ನು ಕೈಯಲ್ಲಿ ಮುಟ್ಟಬೇಡಿ, ಕೈ ತೊಳೆಯದೆ ತಿನ್ನಬೇಡಿ. ಮಕ್ಕಳು, ಗರ್ಭಿಣಿಯರು ಹತ್ತಿರ ಇರಲೇಬಾರದು.

ಇನ್ನು ಕೆಲಸದ ಮಾತು. ಐಸ್ ಜಿಗ್‌ನ ಅಚ್ಚಿನ ಗುಳಿ ತೀರಾ ಸಣ್ಣದು. ಅಚ್ಚು ತಣ್ಣಗಿದ್ದರೆ ಲೋಹ ಬಾಯಲ್ಲೇ ಗಟ್ಟಿಯಾಗಿ ಅರ್ಧ ಜಿಗ್ ಬರುತ್ತದೆ. ಅಲ್ಯೂಮಿನಿಯಂ ಅಚ್ಚನ್ನು ಮೊದಲು ಬಿಸಿ ಮಾಡಿ, ಗುಳಿಗೆ ಮೇಣದಬತ್ತಿಯ ಮಸಿ ಹಿಡಿಸಿದರೆ ಲೋಹ ಚೆನ್ನಾಗಿ ಹರಿಯುತ್ತದೆ. ಮೊದಲ ಕೆಲವು ಜಿಗ್ ಹಾಳಾಗೋದು ಮಾಮೂಲು. ಅವನ್ನು ಮತ್ತೆ ಕರಗಿಸಿಕೊಳ್ಳಬಹುದು.

ಬಿಸ್ಮತ್ 58, ತವರ 42 ಪಾಲಿನ ಮಿಶ್ರಲೋಹ 138 ಡಿಗ್ರಿಗೇ ಕರಗುತ್ತದೆ. ಸೀಸ ಕರಗಲು 327 ಬೇಕು. ಅಚ್ಚಿನ ಕೆಲಸಕ್ಕೆ ಇದು ತುಂಬ ಸಲೀಸು. ಆದರೆ ಸ್ವಲ್ಪ ಪೆಡಸು, ಬಗ್ಗಿಸಿದರೆ ಮುರಿಯುತ್ತದೆ. ಬಣ್ಣ ಹಾಕುವಾಗ ಇನ್ನೊಂದು ತೊಂದರೆ ಇದೆ.

ಪೌಡರ್ ಪೇಂಟ್ ಹಾಕಿ ಓವನ್‌ನಲ್ಲಿಟ್ಟೆ, ಜಿಗ್ ಕರಗಿಹೋಯ್ತು! ಏನು ತಪ್ಪಾಯ್ತು?

ಆ ತೊಂದರೆ ಇದೇ. ಪೌಡರ್ ಪೇಂಟ್ ಗಟ್ಟಿಯಾಗಲು ಸಾಮಾನ್ಯವಾಗಿ ಸುಮಾರು 175 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಬೇಕು. ಬಿಸ್ಮತ್-ತವರ ಅಷ್ಟರಲ್ಲಿ ನೀರಾಗಿರುತ್ತದೆ. 63/37 ಬೆಸುಗೆ ಕರಗೋದು 183ರಲ್ಲಿ. ಲೆಕ್ಕದಲ್ಲಿ ಉಳಿಯಬೇಕು, ಆದರೆ ಸಣ್ಣ ಓವನ್‌ಗಳ ಬಿಸಿ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಆಡುತ್ತಲೇ ಇರುತ್ತದೆ. ಶುದ್ಧ ತವರ, ಸೀಸವಿಲ್ಲದ ಸಾಮಾನ್ಯ ಬೆಸುಗೆ ತಂತಿ, ಸೀಸ, ಟಂಗ್‌ಸ್ಟನ್ ಉಳಿದುಕೊಳ್ಳುತ್ತವೆ. ಆದರೆ ಟಂಗ್‌ಸ್ಟನ್ ಮಣಿಯನ್ನು ಯಾವುದರಿಂದ ಅಂಟಿಸಿದ್ದೀರಿ ಅಂತ ಯೋಚಿಸಿ. ಸೂಪರ್ ಗ್ಲೂ ಆ ಬಿಸಿ ತಡೆಯುವುದಿಲ್ಲ.

ಕಡಿಮೆ ಬಿಸಿಗೆ ಕರಗುವ ಲೋಹಕ್ಕೆ ನೇಲ್ ಪಾಲಿಶ್, ಅಕ್ರಿಲಿಕ್ ಬಣ್ಣದ ಮೇಲೆ ಎಪಾಕ್ಸಿ, ಅಥವಾ ಯುವಿ ರೆಸಿನ್ (ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ರಾಳ) ಹಾಕಿ. ನೇಲ್ ಪಾಲಿಶ್ ಬೇಗ ಚಕ್ಕೆ ಏಳುತ್ತದೆ, ಆದರೆ ಬಣ್ಣಕ್ಕೆ ಕೊರತೆ ಇಲ್ಲ. ಓವನ್ ಬಳಸುವುದಾದರೆ ಊಟಕ್ಕೆ ಬಳಸದ ಬೇರೆ ಓವನ್ ಇರಲಿ.

ಕತ್ತಲಲ್ಲಿ ಹೊಳೆಯುವ ಬಣ್ಣ ಕೆಲಸ ಮಾಡುತ್ತಾ?

ಮಂಜು ಮುಚ್ಚಿದ ಗಡ್ಡೆಯ ಕೆಳಗೆ, ಆಳದಲ್ಲಿ, ಸಂಜೆ ಹೊತ್ತು ಖಂಡಿತ ಮಾಡುತ್ತದೆ. ಕೊಳ್ಳುವಾಗ ಒಳಗೆ ಏನಿದೆ ನೋಡಿ. ಹಳೆಯ ಸತುವಿನ ಸಲ್ಫೈಡ್ ಬೇಗ ಮಂಕಾಗುತ್ತದೆ. ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಜಾಸ್ತಿ ಪ್ರಕಾಶ, ಜಾಸ್ತಿ ಹೊತ್ತು. ಆದರೆ ನೀರು ತಾಗಿದರೆ ಹಾಳಾಗುತ್ತದೆ, ಮೇಲೊಂದು ಪಾರದರ್ಶಕ ಲೇಪ ಹಾಕಲೇಬೇಕು. ಕೆಳಗೆ ಬಿಳಿ ಬಣ್ಣ ಹಚ್ಚಿ. ಕಪ್ಪು ಲೋಹದ ಮೇಲೆ ನೇರ ಹಚ್ಚಿದರೆ ಅರ್ಧ ಬೆಳಕು ಲೋಹಕ್ಕೇ ಹೋಗುತ್ತದೆ. ಹಸಿರು ಎಲ್ಲಕ್ಕಿಂತ ಪ್ರಕಾಶ, ಕೆಂಪು ಬಹಳ ಮಂದ. ಪೂರ್ತಿ ಮೈಗೆ ಹಚ್ಚುವುದಕ್ಕಿಂತ ಒಂದು ಚುಕ್ಕೆ ಇಡೋದು ನನಗೆ ಇಷ್ಟ.

ಬಣ್ಣ ಒಣಗಿದ ಮೇಲೆ ಗಾಳದ ಕಣ್ಣು ಮುಚ್ಚಿಹೋಗಿದೆ.

ಬಣ್ಣ ಹಸಿಯಿರುವಾಗಲೇ ಸೂಜಿ ತೂರಿಸಿ. ಮರೆತಿದ್ದರೆ ಬಿಸಿ ಸೂಜಿ. ಕೆರೆ ಮೇಲೆ ಚಳಿಯಲ್ಲಿ ಮಾಡುವ ಕೆಲಸ ಇದಲ್ಲ, ಮನೆಯಲ್ಲೇ ಮುಗಿಸಿ.

ಗರಿ, ದಾರ ಎಲ್ಲ ಕಟ್ಟಬೇಕಾ?

ಹುಳ ಚುಚ್ಚಿ ಹಿಡಿಯುವವರಾದರೆ ಬೇಡ. ಬರೀ ಜಿಗ್‌ನಿಂದ ಹಿಡಿಯಬೇಕು ಅಂದರೆ ಮರಾಬೂ ಅನ್ನೋ ಮೃದುವಾದ ಗರಿಯ ನಾಲ್ಕೈದು ಎಳೆ ಸಾಕು. ಜಿಗ್ ನಿಂತ ಮೇಲೂ ಅವು ಉಸಿರಾಡುವ ಹಾಗೆ ಅಲುಗುತ್ತವೆ. ಜಾಸ್ತಿ ಕಟ್ಟಿದರೆ ಜಿಗ್ ಇಳಿಯೋದೂ ತಡ, ಅಲುಗಾಟವೂ ಇಲ್ಲ. ಇನ್ನೊಂದು ಸುಲಭದ್ದು ರಕ್ತಹುಳ. ತಳದ ಕೆಸರಿನಲ್ಲಿರುವ ಕೈರೊನೊಮಿಡ್ ನೊಣದ ಮರಿಹುಳ ಇದು. ಮೈಯಲ್ಲಿ ಹಿಮೊಗ್ಲೋಬಿನ್ ಇರುವುದರಿಂದ ಕೆಂಪಗಿರುತ್ತದೆ. ಅದನ್ನು ಹೋಲುವ ಜಿಗ್‌ಗೆ ಗಾಳದ ಕಡ್ಡಿಗೆ ಕೆಂಪು ದಾರ, ಅದರ ಮೇಲೆ ಸಪೂರ ತಂತಿಯ ಸುತ್ತು, ಮೇಲೆ ತೆಳ್ಳಗೆ ಯುವಿ ರೆಸಿನ್. ಇಷ್ಟೇ.

ಜಿಗ್ ನೀರಲ್ಲಿ ಗಿರಗಿರ ತಿರುಗುತ್ತದೆ. ಏನು ಮಾಡಲಿ?

ಜಿಗ್ ಒಂದು ಬದಿಗೆ ಭಾರವಾಗಿರಬಹುದು, ನೂಲು ಮುರಿ ಬಿದ್ದಿರಬಹುದು. ಯಾವುದು ಅಂತ ತಿಳಿಯಲು ದೊಡ್ಡ ಗಾಜಿನ ಲೋಟಕ್ಕೆ ನೀರು ತುಂಬಿ. ಕೆರೆಗೆ ಒಯ್ಯುವ ನೂಲನ್ನೇ ಒಂದು ಗೇಣು ಕತ್ತರಿಸಿ ಜಿಗ್ ಕಟ್ಟಿ ಇಳಿಬಿಡಿ. ಹುಳ ಅಥವಾ ಪ್ಲಾಸ್ಟಿಕ್ ಬಾಲ ಸಿಕ್ಕಿಸಿಯೇ ನೋಡಿ, ಯಾಕೆಂದರೆ ಅದು ಸೇರಿದರೆ ಸಮತೋಲ ಬದಲಾಗುತ್ತದೆ. ಮೇಲೆತ್ತಿ ಬಿಟ್ಟಾಗ ಜಿಗ್ ಒಂದೇ ಕಡೆಗೆ ವಾಲಿದರೆ ಆ ಬದಿಯನ್ನು ಅರದಿಂದ ಸ್ವಲ್ಪ ಉಜ್ಜಿ ಮತ್ತೆ ನೋಡಿ. ಬಣ್ಣ ಹಾಕುವ ಮೊದಲೇ ಈ ಪರೀಕ್ಷೆ ಮಾಡಬೇಕು.

ಲೋಟದಲ್ಲಿ ನೆಟ್ಟಗಿದ್ದು ಕೆರೆಯಲ್ಲಿ ತಿರುಗಿದರೆ ತಪ್ಪು ನೂಲಿನದು. ಸ್ಪಿನ್ನಿಂಗ್ ರೀಲ್ ನೂಲಿಗೆ ಮುರಿ ಹಾಕುತ್ತದೆ. ನೂಲು ನೇರವಾಗಿ ಸುತ್ತಿಕೊಳ್ಳುವ ಇನ್‌ಲೈನ್ ರೀಲ್‌ನಲ್ಲಿ ಆ ಕಾಟ ಕಡಿಮೆ. ಜಿಗ್‌ನಿಂದ ಮೊಳದಷ್ಟು ಮೇಲೆ ಪುಟ್ಟ ಸ್ವಿವೆಲ್ (ತಿರುಗುವ ಕೊಂಡಿ) ಕಟ್ಟಿದರೂ ಆಗುತ್ತದೆ.

ಮೊದಲು ಅಡ್ಡಕ್ಕೆ ತೂಗುತ್ತಿತ್ತು, ಒಂದು ಮೀನು ಬಿದ್ದ ಮೇಲೆ ಬಾಲ ಇಳಿಬಿಟ್ಟಿದೆ. ಜಿಗ್ ಹಾಳಾಯ್ತಾ?

ಇಲ್ಲ, ಗಂಟು ಜಾರಿದೆ ಅಷ್ಟೇ. ಮೀನು ಎಳೆದಾಗ ಗಂಟು ಕಣ್ಣಿನ ಮುಂಬದಿಗೋ ಹಿಂಬದಿಗೋ ಸರಿಯುತ್ತದೆ. ಉಗುರಿನಿಂದ ಕಣ್ಣಿನ ಮೇಲ್ತುದಿಗೆ ತಂದರೆ ಮತ್ತೆ ಸರಿಯಾಗುತ್ತದೆ. ಪಾಲೊಮರ್ ಗಂಟನ್ನು ಬಿಗಿಯಾಗಿ ಕಟ್ಟಿದರೆ ಇಟ್ಟಲ್ಲಿ ಇರುತ್ತದೆ. ಪ್ರತಿ ಮೀನು ಬಿಡಿಸಿದ ಮೇಲೆ ಒಮ್ಮೆ ನೋಡಿ ಇಳಿಬಿಡಿ.

ಮಾಡಿದ್ದನ್ನು ಹೇಗೆ ಇಡೋದು?

ಕೆರೆಯಿಂದ ಬಂದ ಮೇಲೆ ಡಬ್ಬಿಯ ಮುಚ್ಚಳ ತೆರೆದು ರಾತ್ರಿಯಿಡೀ ಒಣಗಲು ಬಿಡಿ. ಒದ್ದೆ ಜಿಗ್ ಒಂದು ಒಳಗಿದ್ದರೆ ಸಾಕು, ಪಕ್ಕದ ಗಾಳಗಳಿಗೂ ತುಕ್ಕು ಹತ್ತುತ್ತದೆ. ಸ್ಪಂಜಿನಲ್ಲಿ ಚುಚ್ಚಿಡುವ ಡಬ್ಬಿ ನೋಡಲು ಚೆಂದ, ಆದರೆ ನೀರು ಹಿಡಿದಿಟ್ಟುಕೊಳ್ಳೋದೂ ಅದೇ. ಸೀಳಿರುವ ಸಿಲಿಕೋನ್ ಹಾಳೆ ವಾಸಿ. ಮೃದುವಾದ ಪ್ಲಾಸ್ಟಿಕ್ ಬಾಲಗಳನ್ನು ಜಿಗ್ ಮೇಲೆ ಬಿಟ್ಟು ಬೇಸಿಗೆ ಕಳೆಯಬೇಡಿ, ಅವು ಬಣ್ಣದ ಲೇಪವನ್ನು ಕರಗಿಸಿ ಅಂಟಿಕೊಂಡುಬಿಡುತ್ತವೆ.